ಚಿನ್ನದ ಇಂಕಿನ ಹೆಡ್ಡಿಂಗ್

“ನಾನು ಮಾಡಿದ ಹೆಡ್ಡಿಂಗ್ ಮುಟ್ಟೋಕೆ ನಿಮಗೆ ಯಾರ್ರೀ ಹೇಳಿದ್ದು?”

ಕೇಳಿದ ಮೇಲೆ ರೋಜಾಳಿಗೇ ಭಯವಾಯಿತು. ಇಷ್ಟು ಜೋರಾಗಿ ಅವಳು ಮನೆಯಲ್ಲೂ ಮಾತಾಡಿದವಳಲ್ಲ.

ನಂಜನಗೂಡಿನ ಆ ಪ್ರೆಸ್ಸಿನಲ್ಲಿ ಮಿಷನ್ ಪಕ್ಕ ನಿಂತಿದ್ದ ರವಿಕುಮಾರ್ ಕೈಯ ಮಸಿ ಒರೆಸಿಕೊಂಡ. “ನೀವು... ನರಸೀಪುರದ ರೋಜಾ ಅವರಾ?”

ಅವಳು ಮದುವೆ ಕಾರ್ಡೊಂದನ್ನು ಮೇಜಿನ ಮೇಲಿಟ್ಟಳು. ತಿ. ನರಸೀಪುರದ ಡಿಟಿಪಿ ಅಂಗಡಿಯಲ್ಲಿ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವವಳು ಅವಳು, ಅಚ್ಚಾಗುವುದು ಇಲ್ಲಿ. ಹೆಡ್ಡಿಂಗಿನಲ್ಲಿ ಗಂಡು ಹೆಣ್ಣಿನ ಹೆಸರನ್ನು ಇಂಗ್ಲಿಷಿನ ಸ್ಮಾಲ್ ಕ್ಯಾಪ್ಸ್‌ನಲ್ಲಿ, ಅಂದರೆ ಆಕಾರ ಕ್ಯಾಪಿಟಲ್ಲಿನದೇ ಆದರೂ ಗಾತ್ರ ಚಿಕ್ಕದಾದ ಅಕ್ಷರಗಳಲ್ಲಿ ಕೂರಿಸುವುದೆಂದರೆ ಅವಳಿಗೆ ಬಲು ಇಷ್ಟ. ಆದರೆ ಅಚ್ಚಾಗಿ ಬಂದ ಕಾರ್ಡುಗಳಲ್ಲಿ ಆ ಅಕ್ಷರಗಳ ನಡುವಿನ ಜಾಗವನ್ನು ಯಾರೋ ಹಿಗ್ಗಿಸಿರುತ್ತಿದ್ದರು. ನಿನ್ನೆ ಅಂಗಡಿಯ ಯಜಮಾನ ಸಿದ್ದಯ್ಯ ಅದನ್ನು ಕಂಡು, “ಇನ್ಮೇಲೆ ಹೆಡ್ಡಿಂಗೆಲ್ಲ ಅಲ್ಲೇ ಮಾಡುಸ್ಬುಡಾನ ಕಣವ್ವ” ಅಂದುಬಿಟ್ಟಿದ್ದರು.

ಹೆಡ್ಡಿಂಗ್ ಕೈಬಿಟ್ಟರೆ ಅವಳಿಗೆ ಉಳಿಯುವುದು ಜೆರಾಕ್ಸ್ ಮಿಷನ್ ಮಾತ್ರ...

“ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ಅಂತ ತಾನೆ ತಿದ್ದಿದ್ದು?”

“ಅಯ್ಯೋ, ಅಲ್ಲ ಕಣ್ರೀ. ಇಲ್ಲಿ ನೋಡಿ.”

ಅವಳು ಕಳಿಸಿದಂತೆಯೇ ಮೊದಲು ಅಚ್ಚಾದ ಕಾರ್ಡೊಂದನ್ನು ಅವನು ಹುಡುಕಿ ತೆಗೆದ. ಒರಟು ಕೆಂಪು ಕಾಗದದ ಮೇಲೆ ಚಿನ್ನದ ಇಂಕು ಹರಡಿ, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

“ಕಂಪ್ಯೂಟರಲ್ಲಿ ನಿಮ್ದು ಚೆಂದಾನೇ. ನಮ್ ಇಂಕಿಗೆ ಆ ಜಾಗ ಸಾಲಲ್ಲ. ಹಿಂಗೇ ಕಳ್ಸಿದ್ರೆ ಸಿದ್ದಯ್ಯೋರು ನಿಮ್ಮನ್ನೇ ಬಯ್ತಾರೆ ಅಂತ...”

“ಒಂದು ಫೋನ್ ಮಾಡಿ ಹೇಳ್ಬೋದಿತ್ತು.”

“ಮಾಡ್ತಿದ್ದೆ. ನೀವು ‘ಫೈಲ್ ಕಳ್ಸಿದೀನಿ’ ಅಂದು ಕಟ್ ಮಾಡ್ಬುಡ್ತಿದ್ರಿ.”

ಹೌದು. ಆ ದನಿ ಕೇಳಿದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಇದನ್ನು ಇವನಿಗೆ ಹೇಗೆ ಹೇಳುವುದು?

ಅವನು ಆಗಲೇ ಸಿದ್ದಯ್ಯನವರಿಗೆ ಫೋನ್ ಹಚ್ಚಿದ್ದ. “ಸಾ, ಹೆಡ್ಡಿಂಗ್ ರೋಜಾ ಅವ್ರೇ ಮಾಡ್ಲಿ. ಇಂಕಿನ ವಿಷ್ಯ ಅವ್ರಿಗೆ ಹೇಳ್ದೆ ಇದ್ದದ್ದು ನನ್ ತಪ್ಪು.” ಆ ಕಡೆಯಿಂದ “ಆಯ್ತು ಬುಡಪ್ಪ” ಎಂದದ್ದು ಅವಳಿಗೂ ಕೇಳಿಸಿತು.

ಅವನು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಕಾರ್ಡಿನ ಫೈಲ್ ತೆರೆದು, ತನ್ನ ಕುರ್ಚಿಯನ್ನೇ ಅವಳಿಗೆ ಎಳೆದುಕೊಟ್ಟ. ರೋಜಾ ಹೆಸರುಗಳನ್ನು ಆರಿಸಿ ಅಕ್ಷರಗಳ ನಡುವಿನ ಜಾಗ ಹೆಚ್ಚಿಸಿದಳು.

“ಸಾಕಾ?”

“ಇನ್ನೊಂಚೂರು.”

“ಈಗ?”

“ಇನ್ನೊಂಚೂರು.”

ಅವನು ಸ್ಕ್ರೀನ್ ಕಡೆ ನೋಡುತ್ತಲೇ ಇರಲಿಲ್ಲ!

“ಅಲ್ಲಿ ನೋಡಿ ಹೇಳ್ರೀ.”

“ಸರಿಯಾಯ್ತು ಅಂದ್ರೆ ನೀವು ಬಸ್ ಹತ್ಬುಡ್ತೀರಲ್ಲ...” ಅವನು ತಲೆ ತಗ್ಗಿಸಿದ. “ನಂಗೆ ನೀವಂದ್ರೆ ಇಷ್ಟ ರೋಜಾ.”

ಅವಳ ಕೈ ಮೌಸ್ ಮೇಲೆಯೇ ನಿಂತುಹೋಯಿತು. ಸ್ಕ್ರೀನ್ ನೋಡುತ್ತಲೇ ಅವಳು ಹೇಳಿದಳು:

“ಭಾನುವಾರ ಮನೆಗೆ ಬನ್ನಿ. ಅವ್ವ ಹೊಳೆ ಮೀನಿನ ಸಾರು ಮಾಡ್ತಾಳೆ. ಅಪ್ಪನೂ ಇರ್ತಾರೆ.”

“ನಂಗೆ ಮುಳ್ಳು ಬಿಡ್ಸಕ್ಕೆ ಬರಲ್ಲ ಕಣ್ರೀ.”

“ನಾನು ಬಿಡ್ಸಿಕೊಡ್ತೀನಿ” ಅಂದಳು ರೋಜಾ, ಅವನ ಮುಖ ನೋಡಿಯೇ.