ತಂಪುಕಪಾಟಿನಲ್ಲಿ ಸತ್ತ ಔಷಧಿ

ಸಿದ್ದಲಿಂಗವ್ವ ದೇವರಮನೆಯ ಹೊಸ್ತಿಲಲ್ಲಿ ಬಿದ್ದಿದ್ದರು. ಉಸಿರು ಆಳವಾಗಿತ್ತು. ಅದರಲ್ಲಿ ಕಳಿತ ಹಣ್ಣಿನ ವಾಸನೆಯಿತ್ತು. ಎಷ್ಟು ಕರೆದರೂ ಕಣ್ಣು ತೆರೆಯಲಿಲ್ಲ. ಅಡುಗೆಯ ಶೇಖವ್ವನ ಕೂಗು ಗಜೇಂದ್ರಗಡದ ಹತ್ತಿಪೇಟೆಯ ತನಕ ಕೇಳಿತು.

ರೋಣದಿಂದ ಡಾಕ್ಟರು ಮೋಟಾರಿನಲ್ಲಿ ಧಾವಿಸಿ ಬಂದರು. ತಾವು ತಂದಿದ್ದ ಇನ್ಸುಲಿನ್ ಚುಚ್ಚಿ ಪಕ್ಕದಲ್ಲೇ ಕೂತರು. ಸಂಜೆಯ ಹೊತ್ತಿಗೆ ಮುದುಕಿ ನೀರು ಕೇಳಿದರು. ಜೀವ ಉಳಿಯಿತು. ಮರುದಿನ ಬೆಳಗಾಗುತ್ತಲೇ ಡಾಕ್ಟರು ಆ ಮನೆಯ ರೆಫ್ರಿಜರೇಟರಿನಲ್ಲಿದ್ದ ಇನ್ಸುಲಿನ್ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಇದರಲ್ಲಿ ಔಷಧದ ಗುಣವೇ ಉಳಿದಿಲ್ಲ ಎಂದರು.

ಅಷ್ಟು ಸಾಕಾಯಿತು. ದಿನವೂ ಮುಂಜಾನೆ ಬಂದು ಸೂಜಿ ಚುಚ್ಚುತ್ತಿದ್ದವಳು ಊರಿನ ದವಾಖಾನೆಯ ನರ್ಸ್ ಕಾಶೀಂಬಿ. ಅವಳು ಔಷಧ ಮಾರಿಕೊಂಡು ಸೀಸೆಗೆ ನೀರು ತುಂಬಿದ್ದಾಳೆ ಎಂದು ಸಿದ್ದಲಿಂಗವ್ವನ ಮೈದುನನ ಮಗ ಪ್ರಭುಲಿಂಗಪ್ಪ ಫಿರ್ಯಾದಿ ಕೊಟ್ಟ. ಪೊಲೀಸರು ಅವಳನ್ನು ಹಗಲು ಹೊತ್ತಿನಲ್ಲೇ ಬಜಾರದ ನಡುವೆ ನಡೆಸಿಕೊಂಡು ಠಾಣೆಗೆ ಒಯ್ದರು. ಮರುದಿನ ದವಾಖಾನೆಯ ಬೆಂಚು ಖಾಲಿ ಇತ್ತು. ಜ್ವರ ಬಂದವರೂ ಬರಲಿಲ್ಲ.

* * *

ಫೌಜದಾರ ಹನುಮಪ್ಪ ರೋಣದಿಂದ ಮೊದಲ ಬಸ್ಸಿಗೆ ಬಂದಿಳಿದಾಗಲೇ ತಲೆ ಕೆಟ್ಟಿತ್ತು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್ಸಿ. ಆದದ್ದೇ ಅವನಿಗೆ ಮುಳುವಾಗಿತ್ತು. ನರಗುಂದದಲ್ಲಿ ಪಂಪು ನಿಂತರೂ, ಮುಶಿಗೇರಿಯಲ್ಲಿ ಯಾರದೋ ರೇಡಿಯೋ ಗೊರಗುಟ್ಟಿದರೂ ಅವನ ಹೆಸರೇ ಬರುತ್ತಿತ್ತು. ಈಗ ರೆಫ್ರಿಜರೇಟರು. ತಾಲೂಕಿಗೆಲ್ಲ ಇದ್ದದ್ದು ಅದೊಂದೇ.

ಮೊದಲು ಠಾಣೆಗೆ ಹೋದ. ಕಾಶೀಂಬಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕೂರಲು ಹೇಳಿದರೂ ಕೂರಲಿಲ್ಲ. ಒಂದು ವಾರದಿಂದ ಅವ್ವಾರ ಮೂತ್ರಪರೀಕ್ಷೆಯಲ್ಲಿ ಕೆಂಪು ಬಣ್ಣ ಬರುತ್ತಿತ್ತು, ಸಕ್ಕರೆ ಏರುತ್ತಿತ್ತು ಎಂದಳು. ಪ್ರಭುಲಿಂಗಪ್ಪ ದಿನಾ ಮೋಟಾರಿನಲ್ಲಿ ರೋಣಕ್ಕೆ ಹೋಗುವವನು. ಡಾಕ್ಟರಿಗೆ ತಿಳಿಸಿರೆಂದು ಅವನಿಗೆ ಎರಡು ಸಲ ಹೇಳಿದ್ದಳಂತೆ.

"ಹೇಳ್ತೀನಿ ಅಂದ್ರು. ಹೇಳಿದ್ರೋ ಇಲ್ಲೋ ಅಲ್ಲಾನ ಬಲ್ಲ," ಅಂದಳು. "ನೀವು ನನ್ನ ಬಿಟ್ಟರೂ ಇನ್ನ ಯಾರ ಮನ್ಯಾಗ ನನ್ನ ಸೂಜಿ ನಡೀತದ್ರಿ?"

ಹನುಮಪ್ಪ ಮೇಜಿನ ಕಡೆ ತಿರುಗಿದ. ಜಪ್ತಿ ಮಾಡಿದ್ದ ಸೀಸೆಗಳನ್ನು ನೋಡಿದ. ಒಂದನ್ನು ಬಳಸಲಾಗಿತ್ತು. ಎರಡು ಹೊಸವು, ತಗಡಿನ ಮುಚ್ಚಳ ಹಾಗೇ ಇತ್ತು. ಆದರೆ ತಿಳಿಯಾಗಿರಬೇಕಾದ ಔಷಧ ಮೂರರಲ್ಲೂ ಒಡೆದ ಹಾಲಿನಂತೆ ಎಳೆ ಎಳೆಯಾಗಿತ್ತು. ನೀರು ಬೆರೆಸಿದ್ದರೆ ಎಳೆ ಬರುವುದಿಲ್ಲ. ಮುಚ್ಚಳ ತೆಗೆಯದೆ ನೀರು ಬೆರೆಸಲೂ ಆಗುವುದಿಲ್ಲ.

ಔಷಧ ಬಿಸಿಗೆ ಕಾಯ್ದು ಕೆಟ್ಟಿತ್ತು. ಇಷ್ಟು ಸ್ಪಷ್ಟವಾದ ಸಂಗತಿಯನ್ನು ನೋಡದೆ ಹೆಂಗಸೊಬ್ಬಳನ್ನು ಎಳೆದು ತಂದ ಹವಾಲ್ದಾರನನ್ನು ಹನುಮಪ್ಪ ಚೆನ್ನಾಗಿ ಬೈದ.

* * *

ಸಿದ್ದಲಿಂಗವ್ವನ ಗಿರಣಿಮನೆಯಲ್ಲಿ ಅವನ ಸಿಟ್ಟು ಇನ್ನೂ ಏರಿತು. ರೆಫ್ರಿಜರೇಟರು ಸರಿಯಾಗಿತ್ತು. ಹಾಲು ಕೆಟ್ಟಿರಲಿಲ್ಲ, ಮೊಸರು ಹುಳಿಯಾಗಿರಲಿಲ್ಲ, ಮೇಲಿನ ತಟ್ಟೆಯಲ್ಲಿ ಬರ್ಫ ಕಲ್ಲಿನಂತಿತ್ತು.

ಆ ಮನೆಗೆ ಕರೆಂಟು ಬರುತ್ತಿದ್ದದ್ದು ಹಿತ್ತಲಿನ ಹತ್ತಿ ಗಿರಣಿಯ ಆಯಿಲ್ ಇಂಜಿನ್ನಿನಿಂದ. ಕೂಲಿಯವರು ಬಂದ ಮೇಲೆ ಇಂಜಿನ್ನು ಶುರುವಾಗಿ ರಾತ್ರಿ ನಿಲ್ಲುತ್ತಿತ್ತು. ಬೆಳಗಾಗುವ ತನಕ ಬರ್ಫವೇ ಒಳಗನ್ನು ತಂಪಾಗಿ ಇಡುತ್ತಿತ್ತು. ಇಂಜಿನ್ನು ಎರಡು ಮೂರು ದಿನ ಕೆಟ್ಟಿರಬಹುದೆಂದು ಹನುಮಪ್ಪ ಇಂಜಿನ್ ಡ್ರೈವರ್ ಮಾಳಪ್ಪನನ್ನು ಕರೆಸಿದ. ಮಾಳಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಯುಗಾದಿಗೆ ಬಿಟ್ಟರೆ ಇಂಜಿನ್ನು ಒಂದು ದಿನವೂ ನಿಂತಿಲ್ಲ, ಬೇಕಾದರೆ ಕೂಲಿಯವರನ್ನೆಲ್ಲ ಕೇಳಿ ಎಂದು ಮುಖ ತಿರುಗಿಸಿದ. ಇಂಜಿನ್ನು ಶುರುವಾಗಲೆಂದು ಅಂಗಳದಲ್ಲಿ ಕಾಯುತ್ತಿದ್ದ ಕೂಲಿಯವರನ್ನು ಕೇಳಿದಾಗ ಎಲ್ಲರೂ ಹೌದೆಂದರು.

ಹುಬ್ಬಳ್ಳಿಯಿಂದ ತರುವಾಗ ಬಿಸಿಲಿಗೆ ಕೆಟ್ಟಿರಬಹುದೇ? ಅದೂ ಅಲ್ಲ. ಅದೇ ಪೆಟ್ಟಿಗೆಯ ಮೊದಲಿನ ಸೀಸೆ ಚೆನ್ನಾಗಿ ಕೆಲಸ ಮಾಡಿತ್ತು ಎಂದು ಡಾಕ್ಟರೇ ಹೇಳಿದ್ದರು. ಔಷಧ ಸತ್ತದ್ದು ಈ ಮನೆಯಲ್ಲಿ, ಈ ಕಪಾಟಿನಲ್ಲಿ. ಬರ್ಫದ ನೆರೆಯಲ್ಲಿ ಕಾಯ್ದು ಸತ್ತಿತ್ತು.

ಹನುಮಪ್ಪ ಅಂಗಿ ಬಿಚ್ಚಿ ಕಪಾಟಿನ ಬೆನ್ನು ಬಿಚ್ಚಿದ. ತಿರುಪುಗಳಿಗೆ ತುಕ್ಕು ಹಿಡಿದಿತ್ತು. ಒಂದು ಕೈಜಾರಿ ಒಲೆಯ ಕೆಳಗೆ ಹೋಯಿತು. ಪ್ರಭುಲಿಂಗಪ್ಪ ಬಾಗಿಲಿಗೆ ಒರಗಿ ನಿಂತು ಉಪದೇಶ ಮಾಡುತ್ತಲೇ ಇದ್ದ. ಊರಿಗೇ ಶೋಕೀಲಾಲ. ಮಲ್‌ಮಲ್ ಜುಬ್ಬಾಕ್ಕೆ ಮುಂಬಯಿಯ ಕರೆಂಟಿನ ಪೆಟ್ಟಿಗೆಯಿಂದ ಗೆರೆ ಮುರಿಯದ ಇಸ್ತ್ರಿ ಎಂದು ಊರೆಲ್ಲ ಹೇಳುತ್ತಿತ್ತು. ಆದರೆ ಇವತ್ತಿನ ಜುಬ್ಬಾದ ತೋಳಿನ ಮೇಲೆ ಸಾಸಿವೆಯಷ್ಟು ಎರಡು ಸುಟ್ಟ ತೂತು ಇದ್ದವು.

"ಫೌಜದಾರ್ರು ಕಳ್ಳರನ್ನ ಬಿಟ್ಟು ಸ್ಕ್ರೂ ಹಿಡೀಲಿಕ್ಕೆ ಹತ್ಯಾರಲ್ರಿ," ಎಂದ ಅವನು. "ನೀರು ಹಾಕಿದಾಕಿ ಠಾಣ್ಯಾಗ ಅದಾಳ."

"ಈ ಕಪಾಟ ನೀವು ಯಾವಾಗರ ಬಿಚ್ಚಿದ್ದಿರೇನ್ರಿ?"

"ಛೇ. ಅದು ದೊಡ್ಡವ್ವಂದು. ನಾ ಕೈಸೈತ ಹಚ್ಚಿಲ್ಲ."

ಹಿಂದಿನ ಭಾಗದಲ್ಲಿ ಏನೂ ಸಿಗಲಿಲ್ಲ. ಹನುಮಪ್ಪ ಕೈಯೆಲ್ಲ ಮಸಿ ಮಾಡಿಕೊಂಡು ಎದ್ದು, ಔಷಧ ಎಲ್ಲಿ ಇಡುತ್ತಿದ್ದಿರಿ ಎಂದು ಶೇಖವ್ವನನ್ನು ಕೇಳಿದ. ಅವಳು ಬಾಗಿಲಿನ ಒಳಮೈಯಲ್ಲಿದ್ದ ಚಿಕ್ಕ ಪೆಟ್ಟಿಗೆ ತೋರಿಸಿದಳು. ಅದಕ್ಕೆ ತನ್ನದೇ ಮುಚ್ಚಳವಿತ್ತು.

ಶೇಖವ್ವ ಕಾರಣವನ್ನೂ ಹೇಳಿದಳು. ಈ ಔಷಧವನ್ನು ದನದ ಕರುಳಿನ ಹತ್ತಿರದ ಮಾಂಸದಿಂದ ತೆಗೆಯುತ್ತಾರೆಂದು ಯಾರೋ ಹೇಳಿದ್ದರು. ಇಷ್ಟಲಿಂಗದ ಪೂಜೆಯಾಗದೆ ನೀರೂ ಮುಟ್ಟದ ಸಿದ್ದಲಿಂಗವ್ವ ಅಳುತ್ತಲೇ ಸೂಜಿಗೆ ಒಪ್ಪಿದ್ದರು. ಆದರೆ ನೈವೇದ್ಯದ ಹಾಲಿನ ಜೊತೆ ಅದನ್ನು ಇಡಲು ಒಪ್ಪಲಿಲ್ಲ. ಮುಚ್ಚಳವಿದ್ದ ಈ ಪೆಟ್ಟಿಗೆಯನ್ನೇ ಅದರ ಬೇರೆ ಕೋಣೆ ಮಾಡಿದ್ದರು. ಒಂದೂವರೆ ವರ್ಷದಿಂದ ಅಲ್ಲೇ ಇತ್ತು, ಏನೂ ಆಗಿರಲಿಲ್ಲ.

ಹನುಮಪ್ಪ ಕೈ ಹಾಕಿ ನೋಡಿದ. ತಣ್ಣಗಿತ್ತು. ಅವನಿಗೆ ಕಪಾಟಿಗೇ ಒದೆಯಬೇಕೆನಿಸಿತು.

* * *

ಗಿರಣಿ ಶುರುವಾಯಿತು. ನೆಲ ನಡುಗತೊಡಗಿತು. ಹನುಮಪ್ಪ ಕೈ ತೊಳೆದು, ಶೇಖವ್ವ ಬಲವಂತದಿಂದ ಬಡಿಸಿದ ರೊಟ್ಟಿ ತಿಂದು, ಕಪಾಟಿನ ಬೆನ್ನನ್ನು ಮತ್ತೆ ಕೂಡಿಸಿದ. ಹೊರಡುವ ಮೊದಲು ಡಾಕ್ಟರು ಕೊಟ್ಟಿದ್ದ ಹೊಸ ಸೀಸೆಯನ್ನು ಅದರ ಜಾಗದಲ್ಲಿಡಲು ಪೆಟ್ಟಿಗೆಯ ಮುಚ್ಚಳ ಎತ್ತಿದ.

ಕೈಗೆ ಬಿಸಿ ಹತ್ತಿತು. ಜ್ವರದ ಹಣೆಯ ಬಿಸಿಯಲ್ಲ, ಈಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಬಿಸಿ.

ಅವನು ಸೀಸೆಯನ್ನು ಜೇಬಿಗೆ ಹಾಕಿಕೊಂಡು ಮಾಳಪ್ಪನಿಗೆ ಕರೆಂಟು ತೆಗೆಯಲು ಹೇಳಿದ. ಪೆಟ್ಟಿಗೆಯ ತಳದ ತಗಡು ಎತ್ತಿದ. ಕೆಳಗೆ ತಂತಿ ಕೂಡಿಸಲು ಕೊರೆದ, ಹಾವಿನಂತೆ ಸುತ್ತಿದ ಉದ್ದನೆಯ ತೋಡು ಇತ್ತು. ತೋಡಿನ ಮೂಲೆಯಲ್ಲಿ ಕೂದಲಿನಷ್ಟು ಸಣ್ಣ, ದುಂಡನೆಯ ತಂತಿಯ ಹಳೆಯ ತುಂಡು. ಆದರೆ ಎರಡು ತಿರುಪುಗಳ ನಡುವೆ ಹೊಸದೊಂದು ತಂತಿ ನೇರವಾಗಿ ಹಾದಿತ್ತು. ಗಿಡ್ಡದು, ರಿಬ್ಬನ್ನಿನಂತೆ ಚಪ್ಪಟೆಯಾದದ್ದು.

ಮುಂಜಾನೆಯಿಂದ ಅವನು ಕೆಟ್ಟದ್ದನ್ನು ಹುಡುಕುತ್ತಿದ್ದ. ಯಾರೋ ಕೆಟ್ಟದ್ದನ್ನು ರಿಪೇರಿ ಮಾಡಿದ್ದರು.

ಹನುಮಪ್ಪ ಪ್ರಭುಲಿಂಗಪ್ಪನ ತೋಳಿನ ಕಡೆ ನೋಡಿದ. ಆಮೇಲೆ ಅವನ ಮುಂಬಯಿಯ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತರಿಸಿದ. ಇಸ್ತ್ರಿಯ ಹೊಟ್ಟೆ ಬಿಚ್ಚಿದಾಗ ಒಳಗಿನ ಅಭ್ರಕದ ಹಾಳೆಗೆ ಸುತ್ತಿದ್ದ ಚಪ್ಪಟೆ ತಂತಿ ಅರ್ಧಕ್ಕೇ ಮುಗಿದಿತ್ತು.

* * *

ಸಿದ್ದಲಿಂಗವ್ವ ದಿಂಬಿಗೆ ಒರಗಿ ಕೂತಿದ್ದರು. ಹನುಮಪ್ಪ ಎಲ್ಲರನ್ನೂ, ಮುದುಕಿಯನ್ನು ನೋಡಲು ಮತ್ತೆ ಬಂದಿದ್ದ ಡಾಕ್ಟರನ್ನೂ ಅವರ ಕೋಣೆಗೆ ಕರೆದ.

ಪರದೇಶದಲ್ಲಿ ಬೆಣ್ಣೆಯನ್ನು ಇಂಥ ಕಪಾಟಿನಲ್ಲಿ ಇಡುತ್ತಾರೆ, ಎಂದು ವಿವರಿಸಿದ. ಅದು ಕಲ್ಲಾಗಬಾರದೆಂದು ಬಾಗಿಲಿನ ಪೆಟ್ಟಿಗೆಗೆ ಸ್ವಲ್ಪ ಬಿಸಿ ಕೊಡುವ ತಂತಿ ಇರುತ್ತದೆ. ಈ ಕಪಾಟಿನ ತಂತಿ ಮೊದಲೇ ತುಂಡಾಗಿತ್ತು. ಆದ್ದರಿಂದಲೇ ಅಷ್ಟು ದಿನ ಔಷಧ ಅಲ್ಲಿ ತಣ್ಣಗಿತ್ತು. ಪ್ರಭುಲಿಂಗಪ್ಪ ತನ್ನ ಇಸ್ತ್ರಿಯ ತಂತಿ ಕತ್ತರಿಸಿ ಅಲ್ಲಿಗೆ ಹಾಕಿದ. ತಂತಿ ಗಿಡ್ಡವಾದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ, ಬಿಸಿಯೂ ಹೆಚ್ಚು. ಹಗಲೆಲ್ಲ ಪೆಟ್ಟಿಗೆ ಔಷಧವನ್ನು ಬೇಯಿಸಿತು. ರಾತ್ರಿ ಇಂಜಿನ್ನು ನಿಂತಾಗ ಬರ್ಫದ ತಂಪಿಗೆ ಆರಿತು. ಗಿರಣಿ ಶುರುವಾಗುವ ಮೊದಲೇ, ಮಬ್ಬುಗತ್ತಲಲ್ಲಿ ಬರುತ್ತಿದ್ದ ಕಾಶೀಂಬಿಯ ಕೈಗೆ ಪ್ರತಿದಿನ ತಣ್ಣನೆಯ ಸೀಸೆಯೇ ಸಿಕ್ಕಿತು, ಒಳಗಿನ ಎಳೆ ಕಣ್ಣಿಗೆ ಬೀಳಲಿಲ್ಲ. ಇಸ್ತ್ರಿ ಹಾಳಾದ ಮೇಲೆ ಜುಬ್ಬಾಗಳು ಅಗಸರ ಮನೆಗೆ ಹೋದವು. ಅಲ್ಲಿನ ಇದ್ದಿಲಿನ ಕಿಡಿ ತೋಳಿನ ಮೇಲೆ ತೂತು ಮಾಡಿತು.

ಪ್ರಭುಲಿಂಗಪ್ಪ ಬೆವರಲಿಲ್ಲ. "ಬೆಣ್ಣಿ ಮೆತ್ತಗಿರ್ಲಿ ಅಂತ ರಿಪೇರಿ ಮಾಡೇನಿ. ರಿಪೇರಿ ಮಾಡೂದು ಗುನ್ಹೆ ಏನ್ರಿ?"

"ಕೈಸೈತ ಹಚ್ಚಿಲ್ಲ ಅಂದಿದ್ರಿ," ಎಂದ ಹನುಮಪ್ಪ. ಶೇಖವ್ವನ ಕಡೆ ತಿರುಗಿದ. "ಈ ಮನ್ಯಾಗ ಬೆಣ್ಣಿ ಎಲ್ಲಿರ್ತದವ್ವಾ?"

"ನೆಲುವಿನ ಮ್ಯಾಲಿನ ಗಡಿಗ್ಯಾಗ್ರಿ. ಆ ಕಪಾಟಿನ್ಯಾಗ ಒಂದ ದಿನಾನೂ ಇಟ್ಟಿಲ್ಲ."

ಡಾಕ್ಟರು ತಮಗೆ ಯಾರೂ ಸಕ್ಕರೆಯ ಸುದ್ದಿ ತಿಳಿಸಿಲ್ಲ ಎಂದರು. ಇನ್ಸುಲಿನ್ ಕಾಯ್ದರೆ ಸಾಯುತ್ತದೆಂದು ತಾವು ಪ್ರಭುಲಿಂಗಪ್ಪನಿಗೇ ಹೇಳಿದ್ದೆವೆಂದೂ ಹೇಳಿದರು. ಉಳಿದದ್ದನ್ನು ಸಿದ್ದಲಿಂಗವ್ವನೇ ಹೇಳಿದರು. ವಿಧವೆಯೂ ತನ್ನಿಚ್ಛೆಯಂತೆ ಹೆಣ್ಣುಮಗುವನ್ನು ದತ್ತಕ ತೆಗೆದುಕೊಳ್ಳಬಹುದೆಂಬ ಹೊಸ ಕಾಯ್ದೆ ಬಂದಿತ್ತು. ನರಗುಂದದ ತಂಗಿಯ ಮೊಮ್ಮಗಳನ್ನು ಮುಂದಿನ ತಿಂಗಳು ಮಡಿಲಿಗೆ ಹಾಕಿಕೊಳ್ಳುವುದೆಂದು ಅವರು ನಿಶ್ಚಯಿಸಿದ್ದರು. ಅದಕ್ಕೆ ಮೊದಲು ಅವರು ಸತ್ತರೆ ಗಿರಣಿ ಪ್ರಭುಲಿಂಗಪ್ಪನದು.

"ಕೇಳಿದ್ರ ಅರ್ಧಾ ಕೊಡ್ತಿದ್ದೆನಲ್ಲೋ," ಎಂದರು ಮುದುಕಿ, ಬಹಳ ಬೇಸತ್ತ ದನಿಯಲ್ಲಿ.

ಅವನು ಆಗ ಮೊದಲ ಬಾರಿ ನೆಲ ನೋಡಿದ.

* * *

ಠಾಣೆಯಲ್ಲಿ ಬಿಡುಗಡೆಯೆಂದಾಗ ಕಾಶೀಂಬಿ ಹೊರಡಲಿಲ್ಲ. ಜನ ಕೇಳಿದರೆ ಏನು ಹೇಳಲಿ, ಚಪ್ಪಟೆ ತಂತಿಯ ಕಥೆಯನ್ನೇ ಎಂದಳು. ಹನುಮಪ್ಪ ಠಾಣೆಯ ಜೀಪಿನಲ್ಲಿ ಕಳಿಸುತ್ತೇನೆ ಅಂದ.

"ಜೀಪ ಬ್ಯಾಡ್ರಿ. ನಡಸ್ಕೋತ ತಂದ್ರಿ, ನಡಸ್ಕೋತನ ಬಿಟ್ಟ ಬರ್ರಿ."

ಅವನು ಟೋಪಿ ಹಾಕಿಕೊಂಡು ಅವಳ ಜೊತೆ ಬಜಾರದ ನಡುವೆ ನಡೆದ. ಅಂಗಡಿ ಅಂಗಡಿಯ ಮುಂದೆ ನಿಂತು, ನರ್ಸಬಾಯಿಯವರ ಕೈಯಲ್ಲಿ ತಪ್ಪಿಲ್ಲ, ಔಷಧ ಕಾಯಿಸಿ ಕೆಡಿಸಿದವನು ಪ್ರಭುಲಿಂಗಪ್ಪ, ಅವನು ಈಗ ಲಾಕಪ್ಪಿನಲ್ಲಿದ್ದಾನೆ ಎಂದು ಹೇಳಿದ. ಕೆಲವರು ತಲೆಯಾಡಿಸಿದರು. ಕೆಲವರು ತೂಕದ ಕಲ್ಲು ಎಣಿಸುತ್ತ ಕೇಳದವರಂತಿದ್ದರು. ನೇಕಾರರ ಓಣಿಗೆ ಬರುವಷ್ಟರಲ್ಲಿ ಅವನ ಗಂಟಲು ಒಣಗಿತ್ತು.

ಅಲ್ಲಿ ಒಂದು ಬಾಗಿಲಲ್ಲಿ ಸಕ್ಕೂಬಾಯಿ ನಿಂತಿದ್ದಳು. ಕ್ಷಯಕ್ಕೆ ದಿನಾ ಸೂಜಿ ಹಾಕಿಸಿಕೊಳ್ಳುತ್ತಿದ್ದವಳು, ಎರಡು ದಿನದಿಂದ ದವಾಖಾನೆಗೆ ಹೋಗಿರಲಿಲ್ಲ. ಫೌಜದಾರ ಮತ್ತೆ ತನ್ನ ಮಾತು ಶುರುಮಾಡಿದ. ಅವಳು ಅವನ ಕಡೆ ನೋಡಲೇ ಇಲ್ಲ. ಕಾಶೀಂಬಿಯ ಮುಖವನ್ನೇ ನೋಡಿದಳು. ಆಮೇಲೆ ಕುಪ್ಪಸದ ತೋಳನ್ನು ಮೇಲಕ್ಕೆ ಮಡಚಿಕೊಂಡು ಕಟ್ಟೆಯ ಮೇಲೆ ಕೂತಳು.