ಹೊಸ್ತಿಲ ಮೇಲಿನ ಸೇರು

“ಆ ಬೋಗುಣಿಗೆ ಕಾಲು ತಾಕಿಸಬೇಡಿ,” ಎಂದಳು ಮುದುಕಿ. ಗೈಡು ಅದನ್ನು ತನ್ನ ಹರಕು ಇಂಗ್ಲಿಷಿಗೆ ತಿರುಗಿಸಿ ಮುಗಿಸುವ ಮೊದಲೇ ಮುರಳಿಮೋಹನ್ ನಕ್ಕಾಗಿತ್ತು.

ನಗದೆ ಏನು ಮಾಡಿಯಾನು? ಮಂಚೇನಹಳ್ಳಿಯಲ್ಲಿ ಗೊಬ್ಬರದ ಅಂಗಡಿ, ಟಾರ್ಗೆಟ್ ಮುಟ್ಟಿದ ಡೀಲರುಗಳಿಗೆ ಕಂಪನಿ ಕೊಟ್ಟ ಟರ್ಕಿ ಟೂರು, ಕೈಯಲ್ಲಿ ಹೊಸ ಫೋನು. ಇಷ್ಟಿದ್ದ ಮೇಲೆ ಪ್ರಪಂಚವೆಲ್ಲ ತನ್ನ ಮಾವನ ಮನೆ ಅಂದುಕೊಂಡಿದ್ದ. ಹಿಂದೆ ನಿಂತಿದ್ದ ಹೆಂಡತಿ ಹರಿತಾ ನಗಲಿಲ್ಲ.

ಗುಡ್ಡವನ್ನೇ ಕೊರೆದು ಮಾಡಿದ ಸಾವಿರಾರು ವರ್ಷದ ಮನೆಗಳು. ಬೆಳಗಿನಿಂದ ಅಂಥವನ್ನು ಹತ್ತಾರು ಹತ್ತಿ ಇಳಿದಿದ್ದರು. ಎಲ್ಲವೂ ಖಾಲಿ, ಎಲ್ಲದರಲ್ಲೂ ಪಾರಿವಾಳಗಳ ಗುಟುರು. ಇದೊಂದರ ಬಾಗಿಲಲ್ಲಿ ಮಾತ್ರ ಮುದುಕಿ ಕಾವಲಿದ್ದಳು. ಕಲ್ಲಿನ ಹೊಸ್ತಿಲ ಒಳಗಡೆ ಕರಿದಾರ ಸುತ್ತಿದ ಮಣ್ಣಿನ ಬೋಗುಣಿ, ಅದರ ತುಂಬ ಗೋಧಿ. ಒಳಗಿನಿಂದ ಹಳೇ ಮಸಿಯ ವಾಸನೆ, ಹಳಸಿದ ಹಿಟ್ಟಿನ ವಾಸನೆ.

ಮುದುಕಿ ಹೇಳಿದ್ದಿಷ್ಟು. ಈ ಮನೆಗೆ ಬಂದ ಹೊಸ ಸೊಸೆಯನ್ನು ಅತ್ತೆ ಒಳಗೆ ಸೇರಿಸಲಿಲ್ಲ. ನಿನ್ನ ಕಾಲು ಕೆಟ್ಟದ್ದು ಎಂದು ಹಿಮದಲ್ಲಿ ಹೊಸ್ತಿಲಾಚೆ ನಿಲ್ಲಿಸಿದಳು. ಹಸಿದು ಅಲ್ಲೇ ಸತ್ತ ಸೊಸೆ ಆಮೇಲೆ ಒಳಗೆ ಬಂದಳು. ಮನೆಯಲ್ಲಿ ಒಬ್ಬರೂ ಉಳಿಯಲಿಲ್ಲ. ಗೋಧಿ ಅವಳ ಪಾಲು. ಅದನ್ನು ಒದ್ದವರ ಹಿಂದೆ ಹೊರಟುಬಿಡುತ್ತಾಳೆ. ಅವರ ಮನೆಯವರು ಯಾರಾದರೂ ಹೊಸ್ತಿಲ ಮೇಲೆ ಕಾಳು ಇಟ್ಟರೆ ಸಾಕು, ಒಳಗೆ ಬರುತ್ತಾಳೆ.

“ಇಲ್ಲೂ ಕಾಲ್ಗುಣಾನಾ!” ಮುರಳಿ ಚಪ್ಪಾಳೆ ತಟ್ಟಿದ. “ನಿಮ್ಮಕ್ಕ ಕಣೇ ಆ ಸೊಸೆ!”

ಹರಿತಾಳ ಕಿವಿ ಕಾಯಿತು. ಮೂರು ವರ್ಷದ ಹಿಂದೆ, ಮದುವೆಯ ಮಾರನೇ ದಿನ, ಹೊಸ್ತಿಲ ಮೇಲಿಟ್ಟ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದು ಅವಳು ಗಂಡನ ಮನೆ ತುಂಬಿದ್ದಳು. ಸೇರು ಯಾಕೋ ತಿರುಗಿ ಹೊರಗಡೆಗೆ ಉರುಳಿತ್ತು. “ಅಯ್ಯೋ ದೇವುಡಾ, ಲಕ್ಷ್ಮೀನೇ ಒದ್ದು ಓಡ್ಸಿದ್ಲಲ್ಲಪ್ಪ!” ಎಂದಿದ್ದಳು ಅತ್ತೆ ಚಿಕ್ಕವೆಂಕಟಮ್ಮ. ಆ ವರ್ಷ ರೇಷ್ಮೆಹುಳ ಸತ್ತರೆ ಹರಿತಾಳ ಕಾಲು. ಬೋರು ಬತ್ತಿದರೆ ಹರಿತಾಳ ಕಾಲು. ಅವಳದೇ ಹೊಟ್ಟೆಯ ಕೂಸು ನಾಲ್ಕು ತಿಂಗಳಿಗೆ ಇಳಿದು ಹೋದಾಗಲೂ ಅವಳದೇ ಕಾಲು. ಗಂಡನೆಂಬುವನು ಆಗೆಲ್ಲ ಫೋನು ನೋಡುತ್ತ ಕೂತಿದ್ದ.

“ಒದಿಯೇ, ರೀಲ್ ಮಾಡಣ. ಈ ಮನೇಲಿ ಹಾಳಾಗೋಕೆ ಯಾರೂ ಇಲ್ಲ.”

“ನಾನು ಒದಿಯಲ್ಲ. ಬನ್ರೀ, ಹೋಗಣ.” ಸಿಟ್ಟಿನಿಂದ ಅವನ ತೋಳು ಹಿಡಿದೆಳೆದಳು.

“ನೀನು ಒದ್ರೆ ಟರ್ಕೀನೇ ಮುಳುಗುತ್ತೆ, ಬಿಡು.” ಹೊಸ್ತಿಲು ದಾಟಿ ಒಳಗೆ ಹೋದ. ಬೂಟುಗಾಲಿನಿಂದ ತಾನೇ ಒದ್ದ.

ಗೋಧಿ ಚೆಲ್ಲಿತು. ಸದ್ದಾಗಲಿಲ್ಲ. ಪಾರಿವಾಳಗಳು ಒಟ್ಟಿಗೆ ಸುಮ್ಮನಾದವು. ಮಧ್ಯಾಹ್ನದ ಬಿಸಿಲು ಬಾಗಿಲಲ್ಲೇ ನಿಂತಿತು, ಒಳಗೆ ಬರಲಿಲ್ಲ. ಕತ್ತಲಲ್ಲಿ ಯಾರೋ ಬರಿಗಾಲಲ್ಲಿ ಎರಡು ಹೆಜ್ಜೆ ಇಟ್ಟರು. ಮುರಳಿಯ ನಗು ಅರ್ಧಕ್ಕೆ ನಿಂತಿತು. ಒಮ್ಮೆ ಕೆಮ್ಮಿದ. ಆಮೇಲೆ ಹೊರಗೆ ಬಂದ. ತಲೆ ತಗ್ಗಿಸಿ, ಬಲಗಾಲು ಮುಂದಿಟ್ಟು ಬಂದ.

ಮುದುಕಿ ಮುಖ ಮುಚ್ಚಿಕೊಂಡಳು.

ಅಲ್ಲಿಂದ ಅವನು ಮಾತಾಡಲಿಲ್ಲ. ವಿಮಾನದಲ್ಲಿ ಊಟ ಮುಟ್ಟಲಿಲ್ಲ, ಬಾಯಿ ಮಾತ್ರ ಆಡುತ್ತಿತ್ತು. ಹರಿತಾ ಬಗ್ಗಿ ನೋಡಿದಳು. ಹಸಿ ಗೋಧಿ. ಅವನ ಕೈ ಹಿಡಿದರೆ ಮಂಜುಗಡ್ಡೆ. ಎಷ್ಟಾದರೂ ಗಂಡ. ಅತ್ತೆಗೆ ಎಲ್ಲ ಹೇಳಬೇಕು, ಒಂದು ಕಾಳೂ ಹೊಸ್ತಿಲಿಗೆ ಬಾರದಂತೆ ಕಾಯಬೇಕು, ಬಲ್ಲವರನ್ನು ಕರೆಸಿ ಬಿಡಿಸಬೇಕು. ದಾರಿಯುದ್ದಕ್ಕೂ ಇದನ್ನೇ ಜಪಿಸಿದಳು.

ಮಂಚೇನಹಳ್ಳಿಗೆ ಟ್ಯಾಕ್ಸಿ ಬಂದಾಗ ನಡು ಮಧ್ಯಾಹ್ನ. ಮುರಳಿ ಇಳಿದು ಬಾಗಿಲವರೆಗೆ ಹೋದ. ಹೊಸ್ತಿಲಾಚೆಗೇ ನಿಂತ. ತಲೆ ತಗ್ಗಿಸಿ.

“ಒಳಕ್ಕೆ ಬಾರೋ ನಮ್ಮಪ್ಪ, ಯಾಕೋ ಹಂಗೆ ನಿಂತ್ಕಂಡೆ?” ಎಂದಳು ಚಿಕ್ಕವೆಂಕಟಮ್ಮ.

“ಸೇರು ಇಡಿ,” ಅಂದ. ದನಿ ಹೆಂಗಸಿನದು.

ಹರಿತಾ ಒಳಗೆ ನುಗ್ಗಿ ಅತ್ತೆಯ ಕೈ ಹಿಡಿದಳು. “ಅತ್ತೆ, ನನ್ ಮಾತು ಕೇಳಿ. ಅವ್ರ ಮೈಮೇಲೆ ಅಲ್ಲಿಯ ಸೊಸೆ ಬಂದವ್ಳೆ. ಹೊಸ್ತಿಲ ಮೇಲೆ ಕಾಳು ಇಡಬೇಡಿ, ಇಟ್ರೆ ಯಾರೂ ಉಳಿಯಲ್ಲ—”

“ಮುಚ್ಚೇ ಬಾಯಿ!” ಅತ್ತೆ ಕೈ ಕೊಸರಿದಳು. “ನನ್ ಮಗನ್ಗೆ ಏನ್ ಮಾಡ್ದೆ? ಹೊಟ್ಟೇಲಿರೋ ಕೂಸನ್ನೇ ತಿಂದ ಕಾಲು ನಿಂದು! ಇವನನ್ನ ಬಿಟ್ಟೀಯಾ?”

ಮೂರು ವರ್ಷ. ಮೂರು ವರ್ಷ ನುಂಗಿದ್ದು ಗಂಟಲಿಗೆ ಬಂತು. ಹರಿತಾ ಅತ್ತೆಗೆ ಬೆನ್ನು ಹಾಕಿದಳು. ಅಡುಗೆಮನೆಗೆ ಹೋದಳು. ಅದೇ ಹಿತ್ತಾಳೆಯ ಸೇರು. ಅಕ್ಕಿಯನ್ನು ಕಂಠಮಟ್ಟ ತುಂಬಿದಳು. ತಂದಳು. ಹೊಸ್ತಿಲ ಮೇಲೆ ಇಟ್ಟಳು.

ಆಗ ಅವನು ತಲೆ ಎತ್ತಿದ. ಕಣ್ಣು ಒಂದು ಕ್ಷಣ ಮುರಳಿಯದೇ ಆಯಿತು. “ತೆಗಿಯೇ… ಹರಿತಾ… ನಾನಿನ್ನೂ ಇದೀನಿ ಕಣೇ…”

ಅವಳ ಕೈ ಸೇರಿನ ಮೇಲೇ ಇತ್ತು. ತೆಗೆಯಬಹುದಿತ್ತು.

ತೆಗೆಯಲಿಲ್ಲ. ಸೇರನ್ನು ದಾಟಿ, ಗಂಡನ ಪಕ್ಕದಿಂದ ಹಾದು, ಅಂಗಳಕ್ಕಿಳಿದಳು. ಬೆನ್ನ ಹಿಂದೆ ಹಿತ್ತಾಳೆ ಠಣ್ ಎಂದಿತು. ತಿರುಗಿ ನೋಡಿದಳು. ಅಕ್ಕಿಯೆಲ್ಲ ಒಳಗೇ ಚೆಲ್ಲಿತ್ತು, ಒಂದು ಕಾಳೂ ಹೊರಗೆ ಬಿದ್ದಿರಲಿಲ್ಲ.

“ನೋಡಿ ಅತ್ತೆ, ಈ ಸಲ ಸರಿಯಾಗಿ ಬಿತ್ತು,” ಎಂದಳು ಹರಿತಾ. ಬಾಗಿಲು ಮುಚ್ಚಿಕೊಂಡಿತು. ಒಳಗೆ ಅತ್ತೆ ಕೂಗಲು ಶುರು ಮಾಡಿದಾಗ ಅವಳು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು, ಅಳುತ್ತಾ.