ಬೀಗರನ್ನು ಕಳುಹಿಸಿದ ಕಾರು

೨೦೦೩ರ ಫೆಬ್ರುವರಿ ೧೮. ಸಂಜೆ ಐದರ ಸುಮಾರಿಗೆ ಕಟಕೋಳದ ವೀರಪ್ಪ ಮುರಗೋಡ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಧೋತರದ ಮೇಲೆ ಹೆಂಡತಿಯ ರಕ್ತ ಇನ್ನೂ ಹಸಿಯಾಗಿತ್ತು. ಬೈಲಹೊಂಗಲದಲ್ಲಿ ಬಸುರಿ ಸೊಸೆ ಗಂಗಾಳ ಕುಬಸದ ಊಟ ಮುಗಿಸಿ ಗಂಡ ಹೆಂಡತಿ ಊರಿಗೆ ಹೊರಟಿದ್ದರು. ಗಂಗಾಳ ತಂದೆ ಮಡಿವಾಳೆಪ್ಪ ತನ್ನ ಅಂಬಾಸಿಡರ್ ಕಾರಿನಲ್ಲೇ ಬೀಗರನ್ನು ಕಳುಹಿಸಿದ್ದ. ಮುರಗೋಡ ದಾಟಿದ ಮೇಲೆ ಕಾರು ಪಲ್ಟಿಯಾಯಿತು. ವೀರಪ್ಪನ ಹೆಂಡತಿ ಗುರವ್ವ ಅಲ್ಲೇ ಪ್ರಾಣ ಬಿಟ್ಟಳು.

"ಡ್ರೈವರ್ ಯಮನಪ್ಪ ಭಾಳ ಜೋರ ಹೊಡದಾನ್ರಿ. ಅವನ್ನ ಬಿಡಬ್ಯಾಡ್ರಿ," ಎಂದ ವೀರಪ್ಪ.

ಎಫ್‌ಐಆರ್ ಬರೆಯಲು ಕುಳಿತಿದ್ದ ಪಿಎಸ್‌ಐ ನಿಜಗುಣಪ್ಪ ಕಾರಿನ ನಂಬರ್ ಕೇಳಿದ್ದೇ ತಡ, ಬರೆಯುವುದನ್ನು ನಿಲ್ಲಿಸಿದರು. ಅಂದು ಮಧ್ಯಾಹ್ನ ವಾಹನ ತಪಾಸಣೆಯಲ್ಲಿ ಅದೇ ಕಾರನ್ನು ಅವರೇ ನಿಲ್ಲಿಸಿದ್ದರು. ಟೈರಿನ ಪಟ್ಟಿಗಳ ಸಂದಿಯಲ್ಲಿ ನಾಲ್ಕಾಣೆ ನಾಣ್ಯ ನಿಲ್ಲಿಸಿ, ಅದು ಅರ್ಧ ಮುಳುಗಿದ್ದನ್ನು ಕಂಡು, "ಗಾಲಿ ಹೊಸಾವ ಇದ್ದಂಗ ಅದಾವ, ಹೋಗ್ರಿ" ಎಂದು ಬಿಟ್ಟಿದ್ದರು. ಆ ರಸ್ತೆಯಲ್ಲಿ ಗಾಲಿ ಪರೀಕ್ಷೆ ಎಂದರೆ ಅಷ್ಟೇ. ನಾಣ್ಯ ಮುಳುಗಿದರೆ ಪಾಸು. ಪೊಲೀಸರೂ ಹಾಗೇ, ಸಂತೆಗೆ ಹೋಗುವ ಟೆಂಪೋದವರೂ ಹಾಗೇ.

ಕತ್ತಲಾಗುವ ಮೊದಲೇ ಸ್ಥಳ ಪಂಚನಾಮೆ ನಡೆಯಿತು. ಹಿಂದಿನ ಬಲಗಾಲಿ ಪಕ್ಕಕ್ಕೆ ಸೀಳಿಕೊಂಡು ಬಾಯಿ ತೆರೆದು ಬಿದ್ದಿತ್ತು. ಪಟ್ಟಿಗಳು ಮಾತ್ರ ಇನ್ನೂ ದಪ್ಪ ದಪ್ಪ. ಹೆಡ್ ಕಾನ್‌ಸ್ಟೆಬಲ್ ಹನುಮಪ್ಪ ಪಂಚರಿಗೆ ಕೇಳಿಸದಂತೆ ಹತ್ತಿರ ಬಂದ.

"ಸಾಹೇಬ್ರ, ಡ್ರೈವರಂದ ತಪ್ಪಂತ ಬರದಬಿಟ್ರ ಮುಗೀತಲ್ರಿ. ನಾವು ಕಾರ್ ನಿಲ್ಲಿಸಿದ್ದು ಯಾರಿಗೆ ಬೇಕ್ರಿ?"

ಆ ಮಾತು ನಿಜಗುಣಪ್ಪನವರಿಗೆ ಒಂದು ಗಳಿಗೆ ರುಚಿಸಿತು. ರುಚಿಸಿತಲ್ಲ ಎಂದು ಮೈಯೆಲ್ಲ ಹಿಡಿಯಷ್ಟಾಯಿತು. ಕಾಲು ಮುರಿದು ಆಸ್ಪತ್ರೆಯಲ್ಲಿ ಬಿದ್ದ ಡ್ರೈವರನ ತಲೆಗೆ ಕಟ್ಟಿ ತಾವು ಕೈ ತೊಳೆದುಕೊಳ್ಳುವುದೇ? "ಗಾಲಿ ಸೀಲ್ ಮಾಡು," ಎಂದಷ್ಟೇ ಹೇಳಿದರು.

ಮರುದಿನ ಮೋಟಾರು ವಾಹನ ನಿರೀಕ್ಷಕರು ಬಂದು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಟೈರಿನ ಪಕ್ಕವನ್ನು ಒರೆಸಿದರು. ಬಟ್ಟೆಗೆ ಕರಿ ಬೂಟ್ ಪಾಲಿಶ್ ಹತ್ತಿತು. ಅದರ ಕೆಳಗೆ ರಬ್ಬರು ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು. ಮೇಲೆ ಥಳಕು ಒಳಗೆ ಹುಳುಕು ಎನ್ನುವುದು ಇದಕ್ಕೇ.

"ಎಷ್ಟು ಹಳೇದ್ರಿ?" ನಿಜಗುಣಪ್ಪ ಕೇಳಿದರು.

"ತಯಾರಾದ ವಾರ, ವರ್ಷ ಇಲ್ಲೇ ಒತ್ತಿರ್ತಾರ. ಈಗಿನ ಗಾಲಿಗೆ ನಾಲ್ಕು ಅಂಕಿ, ಎರಡ ಸಾವಿರದ ಹಿಂದಿನವಕ್ಕ ಮೂರು. ಇದು ತೊಂಬತ್ತೆರಡನೇದ್ದು."

"ಸವದಿಲ್ಲಲ್ರಿ?"

"ಓಡಿದ್ರ ಸವೀತೈತಿ, ನಿಂತ್ರ ಮುದಿ ಆಗತೈತಿ. ಐದಾರ ವರ್ಷ ದಾಟಿದ್ರ ವರ್ಷಕ್ಕೊಮ್ಮಿ ಬಲ್ಲವರಿಗೆ ತೋರಿಸ್ಬೇಕು. ಹತ್ತಾದ್ರ ಪಟ್ಟಿ ಎಷ್ಟ ದಪ್ಪ ಇದ್ರೂ ತಗದ ಒಗೀಬೇಕು. ಪಕ್ಕ ಹಿಂಗ ಬಿರದಿದ್ರ ವಯಸ್ಸ ಕೇಳೂದ ಬ್ಯಾಡ. ನಾಣ್ಯಾ ಇಟ್ಟ ನೋಡಾವ್ರಿಗೆ ಇದೆಲ್ಲಿ ಕಾಣಬೇಕ್ರಿ?"

ನಿಜಗುಣಪ್ಪ ನೆಲ ನೋಡಿದರು. ನಿರೀಕ್ಷಕರು ಯಾರನ್ನೂ ಕುರಿತು ಆಡಿದ ಮಾತಲ್ಲ ಅದು. ಆದರೂ ಕಪಾಳಕ್ಕೆ ಬಿದ್ದಂತಾಯಿತು.

ಮಧ್ಯಾಹ್ನ ಬೈಲಹೊಂಗಲದ ಆಸ್ಪತ್ರೆಯಲ್ಲಿ ಯಮನಪ್ಪನ ವಿಚಾರಣೆ ನಡೆಯಿತು.

"ಎಷ್ಟ ಸ್ಪೀಡಿತ್ತು?"

"ಐವತ್ತ ದಾಟಿಲ್ರಿ."

"ಗಾಲಿ ಬಿರದದ್ದು ಗೊತ್ತಿತ್ತೇನು?"

"ಮದಿವಿ ಮುಂಜಿಗಷ್ಟ ಹೊರಗ ತಗಿಯೂ ಗಾಡಿರಿ. ಕುಬಸದ ಹಿಂದಿನ ದಿನ ನೋಡಿ ಧಣ್ಯಾರಿಗೆ ತೋರಿಸಿದ್ದೆ."

"ಪಾಲಿಶ್ ಯಾರ ಹಚ್ಚಿದ್ರು?"

ಯಮನಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. "ಅವರ ಉಪ್ಪು ತಿಂದೇನ್ರಿ."

"ನಿನ್ನೆ ರಾತ್ರಿ ನಿಮ್ಮ ಧಣ್ಯಾರೂ ಠಾಣೇಕ ಬಂದ ನೀ ಜೋರ ಹೊಡದಿ ಅಂತ ಹೇಳಿಕಿ ಕೊಟ್ಟಾರ."

ಯಮನಪ್ಪ ಥಟ್ಟನೆ ಮುಖ ಇತ್ತ ತಿರುಗಿಸಿದ. ಆಮೇಲೆ, "ಅವರ ಹಚ್ಚಿದ್ರು. ನಾ ಹೊಡಿಯಾಕ ಒಲ್ಲೆ ಅನ್ನಬೇಕಾಗಿತ್ರಿ. ಬೀಗರ ಮುಂದ ಧಣ್ಯಾರ ಮಾನ ಕಳೀಬಾರ್ದಂತ ಸುಮ್ಮನಾದೆ," ಎಂದು ಅತ್ತ.

೨೦ರ ಬೆಳಿಗ್ಗೆ ಮಡಿವಾಳೆಪ್ಪನ ಮನೆಗೆ ಹೋದಾಗ ಅವನು ಮೊದಲು ಎಗರಾಡಿದ. "ಗಾಲಿ ಚಲೋ ಅದಾವಂತ ನೀವ ನೋಡಿ ಬಿಟ್ಟೀರಿ. ನಿಮ್ಮ ಮ್ಯಾಲೂ ಕೇಸ್ ಹಾಕ್ಕೊಳ್ರಿ!"

ಹನುಮಪ್ಪ ಬಾಗಿಲ ಕಡೆ ನೋಡಿದ. ನಿಜಗುಣಪ್ಪ ದನಿ ಏರಿಸಲಿಲ್ಲ. "ಅದನ್ನೂ ಬರದ ಮ್ಯಾಲಿನವರಿಗೆ ಕಳಿಸೇನ್ರಿ. ನನಗೇನ ಮಾಡ್ತಾರ ಅವರ ನೋಡ್ಕೊತಾರ. ಪಾಲಿಶ್ ಹಚ್ಚಿದ್ದು ಯಾರು?"

"ನನಗೇನ ಗೊತ್ತು?"

ಒಳಬಾಗಿಲಲ್ಲಿ ಗಂಗಾ ನಿಂತಿದ್ದಳು. ಕುಬಸದ ಹಸಿರು ಬಳೆಗಳು ಇನ್ನೂ ಕೈತುಂಬ ಇದ್ದವು. "ಯಪ್ಪಾ," ಎಂದಳು ಮೆಲ್ಲಗೆ, "ಅವತ್ತ ಮುಂಜಾನಿ ನಿನ್ನ ಕೈ ಕರ್ರಗಾಗಿದ್ದುವಲ್ಲ? ನಾನ ನೀರ ಹಾಕಿದ್ದೆ."

ಮಡಿವಾಳೆಪ್ಪ ತನ್ನ ಅಂಗೈ ನೋಡಿಕೊಂಡ. ಹನುಮಪ್ಪ ದಸ್ತಗಿರಿ ಪಂಚನಾಮೆಗೆ ಕಾಗದ ತೆಗೆದ.

"ಕಾರಿನ ಮನಿ ಹೆಣ್ಣ ತಂದೇವಂತ ಬೀಗರು ಊರೆಲ್ಲಾ ಹೇಳ್ಕೊಂಡಿದ್ರು. ಆ ಕಾರ್ ಹೊಂಡೂದಿಲ್ಲ, ಗಾಲಿ ಮುದಿ ಆಗ್ಯಾವಂತ ಅವರ ಮುಂದ ಹೆಂಗ ಹೇಳ್ಲಿರಿ? ನಾಚಿಕಿ ಬಂತು. ಅಷ್ಟ," ಎಂದ ಮಡಿವಾಳೆಪ್ಪ.

ಜೀಪು ಹತ್ತುವಾಗ ಅವನು ನಿಂತ. "ಇನ್ನೊಂದ ಬರ್ಕೊಳ್ರಿ. ಬೀಗತಿಗೆ ಕಾರ್ ಬ್ಯಾಡಾಗಿತ್ತು. ಕಾರಿನ್ಯಾಗ ಹೊಟ್ಟಿ ತೊಳಸತೈತಿ, ಬಸ್ಸಿಗೆ ಹೋಗತೇವಿ ಅಂದ್ಲು. ನಾನ ಕೈ ಹಿಡದ ಒಳಗ ಕುಂಡ್ರಿಸಿದೆ."

ನಿಜಗುಣಪ್ಪ ಅದನ್ನೂ ಬರೆದುಕೊಂಡರು. ಬಾಗಿಲಲ್ಲಿ ನಿಂತ ಗಂಗಾಳ ಮುಖ ನೋಡುವ ಧೈರ್ಯ ಅವರಿಗೂ ಆಗಲಿಲ್ಲ, ಮಡಿವಾಳೆಪ್ಪನಿಗೂ ಆಗಲಿಲ್ಲ.